ತಿಗಣೆಬಂಡೆಗೆ ಆ ಹೆಸರು ಬಂದದ್ದು

ಕಕ್ಕೇಹಟ್ಟಿಯಿಂದ ಪಡುವಲಿಗೆ ಕೂಗಳತೆ ದೂರದಲ್ಲಿ, ಹಳೆಯ ಗಾಡಿದಾರಿಯ ಪಕ್ಕಕ್ಕೆ, ಕಣದಷ್ಟು ಅಗಲದ ಒಂದು ಬಂಡೆಯಿದೆ. ಅದರ ಹೆಸರು ತಿಗಣೆಬಂಡೆ. ಬಣ್ಣ ಕೆಂಪು, ಮೈ ಚಪ್ಪಟೆ, ಅದಕ್ಕೇ ತಿಗಣೆಯ ಹೆಸರು ಬಂತೆಂದು ಓದಿದವರು ಹೇಳಿಕೊಂಡು ತಿರುಗುತ್ತಾರೆ. ತಿರುಗಲಿ, ಪಾಪ. ಕೆಂಪಗೆ ಚಪ್ಪಟೆಯಾದ ಬಂಡೆಗಳು ಈ ಸೀಮೆಯಲ್ಲಿ ಹೆಜ್ಜೆಗೊಂದಿವೆ. ಅವಕ್ಕೆಲ್ಲ ಆ ಹೆಸರೇಕೆ ಬರಲಿಲ್ಲ? ಊರ ಹಿರಿಯರು ಹೇಳುವುದು ಬೇರೆ, ಅದೇ ಸರಿ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಬಂಡೆಯ ಮಗ್ಗುಲಲ್ಲೇ ಹುಲ್ಲು ಹೊದಿಸಿದ ಛತ್ರವೊಂದಿತ್ತು. ಗಂಡ ತೀರಿಕೊಂಡ ಮೇಲೆ ತಿಪ್ಪಕ್ಕನೆಂಬ ಹೆಂಗಸು ಅದನ್ನು ನಡೆಸುತ್ತಿದ್ದಳು. ಅವಳಿಗೆ ಅದೇ ಮನೆ, ಅದೇ ಅನ್ನ. ಅಮಾವಾಸ್ಯೆಗೊಮ್ಮೆ ಮಂಚದ ಸಂದುಸಂದಿಗೂ ಕುದಿನೀರು ಹೊಯ್ದು, ತಿಗಣೆ ಓಡಿಸಲು ಲಕ್ಕಿಸೊಪ್ಪು ಹಾಸುವಳು. ತನ್ನ ಛತ್ರದಲ್ಲಿ ಮಲಗಿದವನು ಮೈ ಕೆರೆದುಕೊಂಡು ಎದ್ದದ್ದಿಲ್ಲವೆಂಬುದು ಅವಳ ಹೆಮ್ಮೆ. ಹೀಗಿರಲು ಸೀಮೆಯ ಒಡೆಯ ಜಂಬಣ್ಣನಾಯಕ ಬೇಟೆಯಿಂದ ನಾಲ್ವರು ಹೊರುವ ಮೇನೆಯಲ್ಲಿ ಮರಳುತ್ತ ಅಲ್ಲಿ ತಂಗಿದ. ಬೆಳಗ್ಗೆ ಏಳುವಾಗ ಕುತ್ತಿಗೆಯಿಂದ ಮೊಣಕಾಲಿನವರೆಗೆ ದದ್ದು. "ಈ ತಿಗಣೆಗೂಡಿಗೆ ಬೆಂಕಿ ಇಡಿ" ಎಂದ. ಹೇಳಿದ್ದೇ ತಡ, ಆಳೊಬ್ಬ ಕೊಳ್ಳಿ ಹಿಡಿದು ನಿಂತ.

ತಿಪ್ಪಕ್ಕ ಮುಂದೆ ಬಂದು, "ಬುದ್ಧೀ, ನಿಮ್ಮ ಮೇನೆಯ ಹಾಸಿಗೇನೇ ತಂದು ನನ್ನ ಮಂಚದ ಮ್ಯಾಲೆ ಹಾಸಿದ್ದು ನಿಮ್ಮೋರು. ಹಾಸಿಗೇನ ಮೇನೆಗೆ ಹಾಕಿ, ಮೇನೇನೂ ಮಂಚಾನೂ ಬಂಡೆ ಮ್ಯಾಲಿಡಿ. ಬಿಸಿಲು ನೆತ್ತಿಗೆ ಬಂದಾಗ ಯಾವುದರಿಂದ ಇಳೀತವೆ ನೋಡಾನ. ಆಮ್ಯಾಲೆ ಬೇಕಾದ್ರೆ ಸುಡಿ" ಎಂದಳು. ನಾಯಕ ಒಪ್ಪಿ, ದೂರದ ಹುಣಸೆಯ ನೆರಳಿಗೆ ಹೋಗಿ ಕೂತ.

ನಡುಹಗಲಿಗೆ ಬಂಡೆ ಕಾದ ಹೆಂಚಾಯಿತು. ಮೇನೆಯಿಂದ ತಿಗಣೆಗಳು ಸಾಲುಗಟ್ಟಿ ಇಳಿದವು. ಹೊರುವ ನಾಲ್ವರಿಗೂ ಕಂಡಿತು. ಆದರೆ ಒಡೆಯನ ಮೇನೆಯಲ್ಲಿ ತಿಗಣೆಯೆಂದು ಹೇಳಿ ತಲೆ ಕಳೆದುಕೊಳ್ಳುವವರು ಯಾರು? ನಾಯಕ ಕೂಗಿ ಕೇಳಿದರೆ, "ಏನೂ ಕಾಣಿಸ್ತಿಲ್ಲ ಬುದ್ಧೀ" ಎಂದರು. ತಿಪ್ಪಕ್ಕನಿಗೆ ಮೈಯೆಲ್ಲ ಉರಿಯಿತು. ಅವರ ಸುಳ್ಳನ್ನು ಬಯಲು ಮಾಡಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಮಂಚದ ಕಾಲಿನ ಸಂದಿಯಿಂದಲೂ ಒಂದು ಇಳಿಯಿತು. ಯಾರೂ ನೋಡಿರಲಿಲ್ಲ. ಹೆಬ್ಬೆರಳಿನಲ್ಲಿ ಒರೆಸಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವಳಿಗೆ ಮನಸ್ಸು ಒಪ್ಪಲಿಲ್ಲ ಎನ್ನುತ್ತಾರೆ.

"ಬುದ್ಧೀ, ನನ್ನ ಮಂಚದಾಗೂ ಒಂದೈತೆ" ಎಂದಳು.

ಕೊಳ್ಳಿಯವನು ಛತ್ರದ ಕಡೆ ಹೆಜ್ಜೆ ಹಾಕಿದ. ನಾಯಕ ಅವನನ್ನು ತಡೆದು, ಬಂಡೆ ಹತ್ತಿ ಬಂದು, ಅವಳ ಒಂದನ್ನು ನೋಡಿದ. ತನ್ನ ಮೇನೆಯನ್ನೂ ನೋಡಿದ. "ಇಲ್ಲಿ ಸಂತೇನೇ ನೆರೆದೈತಲ್ರೋ! ಕೇಳದಿದ್ರೂ ಈಕೆ ತನ್ನದು ಹೇಳಿದ್ಲು. ಕೇಳಿದ್ರೂ ನೀವು ನನ್ನದು ಹೇಳಲಿಲ್ಲ" ಎಂದು, ಕೊಳ್ಳಿಯನ್ನು ತಾನೇ ಕಸಿದು ಮೇನೆಗೆ ಇಟ್ಟು, ನಡೆದುಕೊಂಡೇ ಊರು ಸೇರಿದ. ಬಂಡೆಗೆ ನಾಯಕನ ಹೆಸರಿಡುತ್ತೇವೆಂದು ಹೊಗಳುಭಟ್ಟರು ಹೋದಾಗ, "ತಿಗಣೆಯ ಹೆಸರೇ ಇಡಿ, ಮರೆತಾಗ ಕಚ್ಚಲಿ" ಎಂದನಂತೆ.

ಛತ್ರ ಬಿದ್ದು ತಲೆಮಾರುಗಳೇ ಕಳೆದವು. ಆದರೆ ಸುತ್ತಿನ ಹಳ್ಳಿಗಳಲ್ಲಿ ಮದುವೆಯಾದ ಮೇಲೆ ಗಂಡಿನವರೂ ಹೆಣ್ಣಿನವರೂ ತಂತಮ್ಮ ಮನೆಯ ಹಾಸಿಗೆ ತಂದು ಈ ಬಂಡೆಯ ಮೇಲೆ ಹರವುವುದನ್ನು ಬಂದವರು ಈಗಲೂ ನೋಡಬಹುದು. ತಮ್ಮದನ್ನು ಕೊಡವಿ, ಇದ್ದದ್ದನ್ನು ಬಾಯಿಬಿಟ್ಟು ಹೇಳುವ ತನಕ ಬೀಗರ ಹಾಸಿಗೆಯತ್ತ ಕಣ್ಣು ಹಾಯಿಸುವಂತಿಲ್ಲ. ಹೋದ ವೈಶಾಖದ ಒಂದು ಮದುವೆಯಲ್ಲಿ ಎರಡು ಕಡೆಯವರೂ ತಂತಮ್ಮ ಹಾಸಿಗೆಯನ್ನೇ ಮತ್ತೆ ಮತ್ತೆ ಕೊಡವುತ್ತಿದ್ದರು. ಕೊನೆಗೆ ಗಂಡಿನ ತಾಯಿಯೇ ಸೆರಗಿನಲ್ಲಿ ಬೆವರು ಒರೆಸಿಕೊಂಡು, "ನಮ್ಮದರಾಗೆ ಎರಡವೆ ಕಣಮ್ಮಾ" ಎಂದಳು. ಹೆಣ್ಣಿನ ತಾಯಿ ಮರ್ಯಾದೆಯ ಭಯ ಕಳೆದು ಬಿಕ್ಕಿ ಅತ್ತು, ಆಮೇಲೆ ತನ್ನದನ್ನು ಹೇಳಿದಳು.