ಹುರಿ ಬಿಚ್ಚಗೊಡದ ದಾದಿ

ಈ ಕತೆಯನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರಮಾವ ಚನ್ನಮಲ್ಲಯ್ಯನವರು. ಅವರು ಇದನ್ನು ತಮ್ಮ ಗುರುಗಳ ಬಾಯಿಂದಲೇ ಕೇಳಿದ್ದರು.

ಶಿಷ್ಯನೊಬ್ಬ ಕೇಳಿದನಂತೆ: "ಗುರುಗಳೇ, ತಂದೆಯನ್ನು ಆಸ್ಪತ್ರೆಗೆ ಒಯ್ದಿದ್ದೆ. ಅಲ್ಲಿನ ದಾದಿಯ ಮುಖದಲ್ಲಿ ಮರುಕದ ಗುರುತೇ ಇರಲಿಲ್ಲ. ಕಣ್ಣು ತೇವವಾಗದವರಲ್ಲಿ ಕರುಣೆ ಇದ್ದೀತೆ?"

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದ. ಮಡಕೆ ಸುಡುವ ಆವಿಗೆಗೆ ಸೌದೆ ಎಳೆಯುವಾಗ ಅವನ ಹೆಂಡತಿಯ ಕೈಗೆ ಹಾವು ಕಚ್ಚಿತು. ವಿಷ ಏರದಿರಲೆಂದು ನೆರೆಯವರು ತೋಳಿಗೆ ಹುರಿ ಬಿಗಿದು ಕಟ್ಟಿದರು. ಕುಂಬಾರ ಅವಳನ್ನು ಆಸ್ಪತ್ರೆಗೆ ತಂದ. ಅಷ್ಟರಲ್ಲಿ ಕೈ ಬಾತು ನೀಲಿಯಾಗಿತ್ತು. ಅವಳು ನೋವಿಗೆ ಕೂಗುತ್ತಿದ್ದಳು.

ತುರ್ತು ಕೋಣೆಯ ದಾದಿ ಗಾಯ ನೋಡಿದಳು, ಕಣ್ಣೆವೆ ಜೋತಿದೆಯೇ ಎಂದು ನೋಡಿದಳು, ಉಸಿರು ನೋಡಿದಳು. ವೈದ್ಯರಿಗೆ ಹೇಳಿಕಳಿಸಿದಳು. ಹುರಿಯನ್ನು ಮಾತ್ರ ಮುಟ್ಟಲಿಲ್ಲ.

"ಮೊದಲು ಇದನ್ನ ಬಿಚ್ಚು ತಾಯಿ, ಕೈ ಸತ್ತೇ ಹೋಗ್ತದೆ" ಎಂದ ಕುಂಬಾರ.

"ಈಗಲೇ ಬಿಚ್ಚಿದರೆ ತಡೆದು ನಿಂತ ವಿಷ ಒಮ್ಮೆಗೇ ಮೈಗೆ ನುಗ್ಗೀತು. ಮೊದಲು ಔಷಧ ಹತ್ತಲಿ."

ಹೆಂಡತಿ ಮತ್ತೆ ಕೂಗಿದಳು. ಕುಂಬಾರ ತಾನೇ ಗಂಟಿಗೆ ಕೈ ಹಾಕಿದ. ದಾದಿ ಅವನ ಮಣಿಕಟ್ಟು ಹಿಡಿದಳು.

"ನಿನ್ನ ಎದೇಲಿ ಇರೋದು ಏನು, ಕಲ್ಲಾ?"

"ಬೈಯಪ್ಪ, ಬೈತಾ ಇರು. ಕೈ ಮಾತ್ರ ಅಲ್ಲಿಂದ ತೆಗಿ."

ಅವಳು ಇನ್ನೊಂದು ತೋಳಿಗೆ ಸೂಜಿ ಚುಚ್ಚಿದಳು. ವೈದ್ಯರು ಬಂದು ಪರೀಕ್ಷಿಸಿ ಹೇಳಿದಂತೆ ಔಷಧ ಹರಿಯಬಿಟ್ಟಳು. ಉಸಿರು ಕಟ್ಟಿದರೆ ಬೇಕಾದೀತೆಂದು ಒತ್ತಿ ಗಾಳಿ ತುಂಬುವ ಉಸಿರಿನ ಚೀಲವನ್ನು ತಲೆಯ ಬಳಿ ಇಟ್ಟುಕೊಂಡಳು. ಆಮೇಲೆ ವೈದ್ಯರ ಎದುರಿಗೆ ಹುರಿಯನ್ನು ಎಳ್ಳಷ್ಟು ಸಡಿಲಿಸಿದಳು. ಕಾದಳು, ರೋಗಿಯ ಮುಖ ನೋಡಿದಳು, ಮತ್ತೆ ಎಳ್ಳಷ್ಟು. ಅಷ್ಟೂ ಹೊತ್ತು ಕೂಗು ಕೇಳುತ್ತಲೇ ಇತ್ತು.

ಹೆಂಗಸು ಬದುಕಿದಳು. ಕೈಯೂ ಉಳಿಯಿತು.

ಕುಂಬಾರ ತಲೆ ತಗ್ಗಿಸಿ ಬಂದು ನಿಂತ. "ಅವಳ ಕೂಗು ಕೇಳೋಕೆ ನನ್ನಿಂದ ಆಗಲಿಲ್ಲ ತಾಯಿ."

"ನನಗೂ ಕಷ್ಟವೇ ಆಯ್ತಪ್ಪ" ಎಂದು ದಾದಿ ಕೈ ತೊಳೆಯಲು ಹೋದಳು.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಕುಂಬಾರನದು ಕರುಣೆಯಲ್ಲವೆ?" ಎಂದ.

"ಅದೂ ಕರುಣೆಯೇ ಮಗು, ಕೂಗು ನಿಲ್ಲಲಿ ಎಂದಿತು ಅವನ ಕರುಣೆ, ಉಸಿರು ನಿಲ್ಲದಿರಲಿ ಎಂದಿತು ಅವಳದು."



ಈ ಕತೆ ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಬೇಕು. ಆಸ್ಪತ್ರೆಯ ಬಾಗಿಲಲ್ಲಿ ಸಿಟ್ಟಿನಿಂದ ನಿಂತವರು ಯಾರಾದರೂ ಸಿಕ್ಕರೆ, ಅವರ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಬೇಕು.