ನೀರಿಗಿಳಿಯದ ಅಂಬಿಗ

ಕಾಲು ಮಡಚ್ಕೊಂಡು ಮಲ್ಕೊ, ನನ್ನ ಹೊದಿಕೆ ಎಳೀಬೇಡ, ಹೇಳ್ತೀನಿ. ಒಂದಾನೊಂದು ಕಾಲ, ಹೊಳೆಗೆ ಸೇತುವೆ ಅಂತ ಒಂದು ಕಟ್ಟಬಹುದು ಅನ್ನೋದೇ ಯಾರಿಗೂ ಗೊತ್ತಿಲ್ಲದ ಕಾಲ. ಆಗ ಕಾವೇರಿ ದಡದಲ್ಲಿ ಮೂರು ಜನ ಅಂಬಿಗರು, ಅಣ್ಣತಮ್ಮಂದಿರು, ಇದ್ದರಂತೆ. ದೊಡ್ಡಯ್ಯ, ಜವರಯ್ಯ, ಸಣ್ಣಯ್ಯ ಅಂತ ಹೆಸರು. ಹರಿಗೋಲು ನೋಡಿದ್ದೀಯಲ್ಲ, ದುಂಡಗೆ, ತೊಗಲು ಹೊದಿಸಿದ ದೊಡ್ಡ ಬುಟ್ಟಿ ಥರ, ಅದರಲ್ಲಿ ಜನರನ್ನ ಆ ದಡಕ್ಕೆ ದಾಟಿಸೋದು ಅವರ ಕೆಲಸ. ನಡುವಿನವನು ಜವರಯ್ಯ ಹುಟ್ಟು ಹಾಕಿದರೆ ತಾಯಿ ಮಡಿಲಲ್ಲಿ ಮಲಗಿದ ಮಗುಗೂ ಎಚ್ಚರ ಆಗ್ತಿರಲಿಲ್ಲವಂತೆ.

ಒಂದು ಆಷಾಢದಲ್ಲಿ ಹೊಳೆಗೆ ಹೊಸನೀರು ಬಂದಿತ್ತು. ಜವರಯ್ಯ, ಸಣ್ಣಯ್ಯ ಇಬ್ಬರೂ ಸೇರಿ ಸಂತೆ ಮುಗಿಸಿ ಬಂದವರನ್ನ ದಾಟಿಸ್ತಿದ್ದಾಗ ಹರಿಗೋಲು ಸುಳಿಗೆ ಸಿಕ್ಕಿ ಮಗುಚಿಬಿಡ್ತಂತೆ. ಎಲ್ಲರೂ ಹೇಗೋ ದಡ ಸೇರಿದರು, ಸಣ್ಣಯ್ಯ ಸೇರಲಿಲ್ಲ. ಪಾಪ, ಅಣ್ಣನ ಕೈಯಿಂದ ತಮ್ಮನ ಕೈ ಜಾರಿಹೋಯ್ತು ಅಂತ ಊರೆಲ್ಲ ಅಂದರಂತೆ. ಜವರಯ್ಯ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಹರಿಗೋಲನ್ನ ದಡದ ಮೇಲೆ ಬೋರಲು ಹಾಕಿ ಮನೆ ಸೇರಿದವನು ಎರಡು ವರ್ಷ ಹೊಳೆ ಕಡೆ ತಲೆ ಹಾಕಲಿಲ್ಲವಂತೆ. ಉಣ್ಣೋಕೆ ಕೂತರೆ ಎರಡು ತುತ್ತು, ಮಲಗಿದರೆ ಸೂರು ನೋಡೋದು, ಮಾತಾಡಿಸಿದರೆ ರೇಗೋದು.

ಅವನಿಗೆ ಒಬ್ಬಳೇ ಮಗಳು, ಹೊಂಬಾಳಮ್ಮ. ಅವಳನ್ನ ಆಚೆ ದಡದ ಊರಿಗೆ ಕೊಟ್ಟಿದ್ದರಂತೆ. ಆಮೇಲೆ ಅವಳು ಬಸುರಿ ಅಂತ ಸುದ್ದಿ ಬಂತು. ಚೊಚ್ಚಲು ಹೆರಿಗೆ ಅಂದರೆ ತವರಿಗೆ ಬರಬೇಕಲ್ವಾ? ಏಳು ತಿಂಗಳು ತುಂಬಿದ ಮೇಲೆ ದೊಡ್ಡಯ್ಯ ಕರೆಯೋಕೆ ಹೋದರೆ, ಅಪ್ಪ ನನ್ನ ಮುಖ ನೋಡಿ ಎರಡು ವರ್ಷ ಆಯ್ತು ದೊಡ್ಡಪ್ಪ, ಅಪ್ಪನೇ ಬಂದು ಕರೆದರೆ ಬರ್ತೀನಿ, ಇಲ್ಲದಿದ್ದರೆ ಇಲ್ಲೇ ಹೆರ್ತೀನಿ ಅಂದುಬಿಟ್ಟಳಂತೆ. ಹಟಮಾರಿ, ನಿನ್ನ ಹಾಗೇ. ಇದನ್ನ ಕೇಳಿ ಜವರಯ್ಯ ಎದ್ದು ಹೊಳೆಗೆ ಹೋದನಂತೆ, ಪಾದದ ಮೇಲಿನ ಹರಡು ಮುಳುಗೋಷ್ಟು ನೀರಿಗೆ ಇಳಿದನಂತೆ, ಅಷ್ಟರಲ್ಲೇ ಕಾಲು ನಡುಗಿ, ಎದೆ ಹೊಡ್ಕೊಂಡು, ಉಸಿರೇ ಕಟ್ಟಿದ ಹಾಗಾಗಿ ವಾಪಸ್ಸು ಬಂದುಬಿಟ್ಟನಂತೆ. ಮಗಳು ಬೇಕು, ನೀರು ಆಗೋದಿಲ್ಲ. ಏನು ಮಾಡ್ತಾನೆ ಹೇಳು.

ಮೊದಲು ದೊಡ್ಡಯ್ಯ ಬಂದ. ಗಂಡಸಾಗಿ ಹೀಗೆ ಕೂರ್ತೀಯಾ, ನನಗೂ ಅವನು ತಮ್ಮನೇ ಅಲ್ವಾ, ಏಳು ಅಂತ ರಟ್ಟೆ ಹಿಡಿದು ಎಳ್ಕೊಂಡು ಹೋದನಂತೆ. ಜವರಯ್ಯ ಮರಳ ಮೇಲೆ ಕುಸಿದು ಬಿದ್ದ. ಆಮೇಲೆ ಮಂತ್ರವಾದಿ ಬಂದ. ತಮ್ಮನ ಗಾಳಿ ಮೆಟ್ಟಿಕೊಂಡಿದೆ ಅಂತ ಬೇವಿನ ಸೊಪ್ಪಲ್ಲಿ ಬಡಿದು ತಾಯಿತ ಕಟ್ಟಿದನಂತೆ. ಬೆನ್ನಿಗೆ ಬರೆ ಬಂತೇ ಹೊರತು ಕಾಲಿನ ನಡುಕ ಹೋಗಲಿಲ್ಲ.

ಮೂರನೇದಾಗಿ ಬಂದವಳು ಮಂಚಮ್ಮ. ಊರೂರು ತಿರುಗಿ ಹರಿಗೋಲಿನ ತೊಗಲು ಹರಿದರೆ ಹೊಲಿದುಕೊಡೋ ಮುದುಕಿ. ಜವರಯ್ಯನ ಹೆಂಡತಿ ಅವಳ ಹತ್ತಿರ ಅತ್ತುಕೊಂಡಿದ್ದಳಂತೆ. ಮಂಚಮ್ಮ ನೇರ ಜವರಯ್ಯನ ಮುಂದೆ ನಿಂತು, ನಿನ್ನ ಹರಿಗೋಲು ಹೊಲೀಬೇಕು, ಅಂಚು ಹಿಡ್ಕೊಳೋಕೆ ಒಬ್ಬರು ಬೇಕು, ನೀರಿಗೇನೂ ಇಳೀಬೇಡ, ಸೋಮವಾರ ಸೋಮವಾರ ಬಂದು ಕೂತ್ಕೊ, ಅಲ್ಲಿ ಆಡಿದ ಮಾತು ನನ್ನ ಹೊಟ್ಟೇಲೇ ಇರುತ್ತೆ ಅಂದಳಂತೆ.

ಈಗ ಪೇಟೇಲಿ ಇದಕ್ಕೇ ಅಂತ ಓದಿಕೊಂಡಿರೋ ಡಾಕ್ಟರಿದ್ದಾರೆ. ನಿಮ್ಮ ತಾತ ಹೋದ ಮೇಲೆ ನಾನೂ ಆರು ತಿಂಗಳು ಹೋಗಿದ್ದೆ. ಯಾಕೆ ಹಾಗೆ ಕಣ್ಣು ಬಿಡ್ತೀಯಾ? ಮಂಡಿನೋವಿಗೆ ಹೋದಾಗ ಹೀಗೆ ನೋಡಿದ್ಯಾ? ಮನಸ್ಸೂ ನೋಯುತ್ತೆ ಕಣೋ, ಅದನ್ನೂ ತೋರಿಸ್ಕೋಬೇಕು. ಸರಿ, ಎಲ್ಲಿದ್ದೆ? ಹಾಂ, ಸೋಮವಾರ.

ಮೊದಲನೇ ಸೋಮವಾರ ಜವರಯ್ಯ ಬಾಯೇ ಬಿಡಲಿಲ್ಲ. ಮಂಚಮ್ಮ ಕೆದಕಲಿಲ್ಲ, ಎಲೆ ಅಡಿಕೆ ಹಾಕ್ಕೊಂಡು ಹೊಲೀತಾ ಕೂತಳಂತೆ. ಎರಡನೇ ಸೋಮವಾರ ಅವನು ಆ ದಿನದ ಮಾತು ತೆಗೆದ. ಯಾರ್ಯಾರು ಹತ್ತಿದರು, ಸಣ್ಣಯ್ಯ ಏನು ಹಾಡ್ತಿದ್ದ, ಎಲ್ಲ ಹೇಳಿ ಸುಳಿ ಹತ್ತಿರ ಬರ್ತಿದ್ದ ಹಾಗೇ ಎದ್ದು ಹೋಗಿಬಿಟ್ಟನಂತೆ. ಹೋಗಲಿ ಅಂತ ಬಿಟ್ಟಳು. ಮೂರನೇ ಸೋಮವಾರ ಮತ್ತೆ ಮೊದಲಿಂದ ಹೇಳ್ಕೊಂಡು ಬಂದ. ಸುಳಿ ಬಂತು, ಹರಿಗೋಲು ಮಗುಚಿತು, ಅವನ ಮೈಯೆಲ್ಲ ಬೆವರು. ನಾನಿದ್ದೀನಿ, ಹೇಳು ಅಂದಳಂತೆ ಮಂಚಮ್ಮ.

"ಜಾರಲಿಲ್ಲ ಅವ್ವ," ಅಂದನಂತೆ ಜವರಯ್ಯ. "ನಾನೇ ಬಿಟ್ಟೆ."

ಮಂಚಮ್ಮನ ಕಣ್ಣಲ್ಲೂ ನೀರು ಬಂತಂತೆ. ನಿನ್ನದು ತಪ್ಪಿಲ್ಲ ಬಿಡು ಅಂತ ಬಾಯಿಮಾತಿಗೆ ಅನ್ನಲಿಲ್ಲ ಅವಳು. ಯಾಕೆ ಬಿಟ್ಟೆ ಅಂತ ಮೆತ್ತಗೆ ಕೇಳಿದಳು. ಒಂದು ಕೈಲಿ ಹರಿಗೋಲಿನ ಅಂಚು ಹಿಡಿದಿದ್ದೆ, ಒಂದು ಕೈಲಿ ಸಣ್ಣಯ್ಯ ಇದ್ದ, ಆಗ ಒಂದು ಹೆಣ್ಣುಕೂಸು ಪಕ್ಕದಲ್ಲೇ ತೇಲಿ ಹೋಗ್ತಿತ್ತು, ಅದನ್ನ ಹಿಡಿಯೋಕೆ ಅವನನ್ನ ಬಿಟ್ಟೆ ಅಂದನಂತೆ. ಮಂಚಮ್ಮ ಸೂಜಿ ಪಕ್ಕಕ್ಕಿಟ್ಟಳು.

"ಆ ಕೂಸು ಈಗ ಎಷ್ಟು ದೊಡ್ಡದಾಗಿದೆ?" ಅಂತ ಕೇಳಿದಳಂತೆ ಮಂಚಮ್ಮ.

ಜವರಯ್ಯನಿಗೆ ಗೊತ್ತಿರಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ಅವನು ವಿಚಾರಿಸಿರಲಿಲ್ಲ. ಹೋದವನನ್ನೇ ನೆನೀತಾ, ಉಳಿದವಳು ಒಬ್ಬಳಿದ್ದಾಳೆ ಅನ್ನೋದನ್ನೇ ಮರೆತಿದ್ದನಂತೆ. ಆವತ್ತು ಅವನು ಬಿಕ್ಕಿ ಬಿಕ್ಕಿ ಅತ್ತ, ತಮ್ಮ ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ.

ಆಮೇಲೂ ಸೋಮವಾರಗಳು ನಡೆದವು. ಒಂದು ವಾರ ಹರಡಿನ ತನಕ ನೀರು, ಇನ್ನೊಂದು ವಾರ ಮಂಡಿ ತನಕ, ಮತ್ತೊಂದು ವಾರ ದಡಕ್ಕೆ ಕಟ್ಟಿದ ಹರಿಗೋಲಲ್ಲಿ ಬರೀ ಕೂತಿರೋದು. ಭಯ ಬಂದರೆ ಬಂತು ಅಂತ ಬಾಯಲ್ಲಿ ಹೇಳೋದು, ಅದು ಇಳಿಯೋ ತನಕ ಕಾಯೋದು. ಮಗಳಿಗೆ ಒಂಬತ್ತು ತಿಂಗಳು ಹತ್ತಿರ ಬಂದಾಗ ಒಂದು ಬೆಳಗ್ಗೆ ಜವರಯ್ಯ ಹುಟ್ಟು ಹಿಡಿದ. ಸುಳಿ ಜಾಗ ಬಂದಾಗ ಕೈ ನಡುಗಿತು, ಅಪ್ಪಾ ಸಣ್ಣಯ್ಯ ಅಂತ ಜೋರಾಗಿ ಕರೆದು, ಅಳ್ತಾ ಅಳ್ತಾ ದಾಟಿದನಂತೆ.

ಆಚೆ ದಡದಲ್ಲಿ ಹೊಂಬಾಳಮ್ಮ ತುಂಬಿದ ಹೊಟ್ಟೆ ಹೊತ್ಕೊಂಡು ನಿಂತಿದ್ದಳು. ಹತ್ತೋಕೆ ಅಂಬಿಗ ಕೈ ಕೊಡಬೇಕಲ್ಲ, ಜವರಯ್ಯ ಕೈ ಚಾಚಿದವನು ಹಿಂದಕ್ಕೆ ತಗೊಂಡನಂತೆ. ತಮ್ಮನ ವಿಷಯ ಎಲ್ಲ ಹೇಳಿ, ಚಿಕ್ಕಪ್ಪನನ್ನ ಬಿಟ್ಟ ಕೈ ಇದು ಮಗಳೇ, ಬರ್ತೀಯಾ ಅಂದ.

ಹೊಂಬಾಳಮ್ಮ ಅಪ್ಪನ ಆ ಕೈಯನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ಹರಿಗೋಲಿಗೆ ಕಾಲಿಟ್ಟಳಂತೆ.

ಅವಳು ತವರಲ್ಲಿ ಸುಖವಾಗಿ ಹೆತ್ತಳು, ಜವರಯ್ಯ ಮತ್ತೆ ಜನರನ್ನ ದಾಟಿಸಿದ. ಈಗಲೂ ಒಂದೊಂದು ದಿನ ಅವನ ಕೈ ನಡುಗುತ್ತಂತೆ. ಆವತ್ತು ಅವನು ಮಂಚಮ್ಮನ ಹತ್ತಿರ ಹೋಗಿ ಕೂತು ಬರ್ತಾನಂತೆ, ಊರಲ್ಲಿ ಯಾರೂ ನಗೋದಿಲ್ಲವಂತೆ. ಅವರು ಅಲ್ಲಿ ಚೆನ್ನಾಗಿದ್ದಾರೆ, ಕತೆ ಇಲ್ಲಿಗಾಯ್ತು, ಕಣ್ಣು ಮುಚ್ಚು.