ನೀಲಿ ಮೀನು ಕಾಣದ ಬೆಳಗು

ನದಿ ಹೋಗಿ ಕಡಲು ಸೇರುವಲ್ಲಿ ಮಂಕಾಳಮ್ಮನವರ ಆಶ್ರಮ. ನಾಲ್ಕು ಕೋಣೆ, ಒಂದು ಉದ್ದನೆಯ ಜಗಲಿ, ಹತ್ತು ಹನ್ನೆರಡು ಶಿಷ್ಯರು.

ಮಂಕಾಳಮ್ಮ ಮೀನುಗಾರರ ಮನೆಯ ಮಗಳು. ಎಂಬತ್ತು ದಾಟಿತ್ತು. ಮಂಡಿ ಸೋತು ಕಡಲಿನ ತನಕ ನಡೆಯಲಾಗುತ್ತಿರಲಿಲ್ಲ. ಕಣ್ಣಿಗೆ ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ.

ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಭಕ್ತೆಯೊಬ್ಬರು ಅವರಿಗೆಂದು ಗಾಜಿನ ತೊಟ್ಟಿಯೊಂದನ್ನು ತಂದು ಜಗಲಿಯಲ್ಲಿ ಇಟ್ಟಿದ್ದರು. ಎರಡಡಿ ಉದ್ದ. ಒಳಗೆ ಉಪ್ಪುನೀರು, ತೂತು ತೂತಾದ ಕಲ್ಲುಗಳು, ತೊಟ್ಟಿಯಲ್ಲೇ ಬೆಳೆಸಿದ ಒಂದು ಹಿಡಿ ಹವಳ, ಮೂರು ಮೀನು. ಎರಡು ಕಿತ್ತಳೆ ಬಣ್ಣದವು, ಒಂದು ನೀಲಿ.

ಅದನ್ನು ನೋಡಿಕೊಳ್ಳುತ್ತಿದ್ದವನು ಹೊನ್ನಪ್ಪ. ಹಿಂದೆ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಹೆಂಡತಿ ತೀರಿಕೊಂಡ ಮೇಲೆ ಆಶ್ರಮಕ್ಕೆ ಬಂದ. ಬಂದ ದಿನವೇ ದೀಕ್ಷೆ ಕೇಳಿದ.

“ಮೊದಲು ಇದನ್ನು ನೋಡ್ಕೊ,” ಎಂದು ಅಮ್ಮ ತೊಟ್ಟಿಯತ್ತ ಕೈ ಮಾಡಿದ್ದರು.

ಎರಡು ವರ್ಷ ನೋಡಿಕೊಂಡ. ಪ್ರತಿದಿನ ಬೆಳಿಗ್ಗೆ ತೊಟ್ಟಿಯ ಮುಂದೆ ಕೂತು, ಕಂಡದ್ದನ್ನೆಲ್ಲ ಅಮ್ಮನಿಗೆ ಹೇಳುತ್ತಿದ್ದ. ಹವಳ ಎಷ್ಟು ಅರಳಿದೆ, ಯಾವ ಮೀನು ಯಾವುದನ್ನು ಅಟ್ಟಿಸಿಕೊಂಡು ಹೋಯಿತು, ಎಲ್ಲ. ಅವರ ಪಾಲಿಗೆ ಉಳಿದಿದ್ದ ಕಡಲು ಅಷ್ಟೇ.

ಕೊನೆಗೆ ಅಮ್ಮ ಒಪ್ಪಿದರು. ಬರುವ ಹುಣ್ಣಿಮೆಗೆ ದೀಕ್ಷೆ.

ಹುಣ್ಣಿಮೆಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ ಹೊನ್ನಪ್ಪ ಆಹಾರ ಹಾಕಿದ. ಕಿತ್ತಳೆ ಮೀನುಗಳು ಮೇಲೆ ಬಂದವು. ನೀಲಿ ಮೀನು ಬರಲಿಲ್ಲ.

ಗಾಜಿಗೆ ಹಣೆ ಹಚ್ಚಿ ನೋಡಿದ. ಪಂಪಿನ ಹಿಂದೆ ನೋಡಿದ. ಜಗಲಿಯ ನೆಲದ ಮೇಲೆ ನೋಡಿದ, ಎಲ್ಲಾದರೂ ಹಾರಿ ಬಿದ್ದಿದೆಯೋ ಎಂದು. ಎಲ್ಲೂ ಇರಲಿಲ್ಲ.

ಉಳಿದದ್ದು ಕಲ್ಲಿನ ಸಂದು. ಕಲ್ಲು ಎತ್ತಿ ನೋಡಬೇಕಿತ್ತು. ಎತ್ತಲಿಲ್ಲ.

“ಮೀನು ಹೇಗಿವೆ ಹೊನ್ನಪ್ಪ?” ಅಮ್ಮ ಕೇಳಿದರು.

“ಚೆನ್ನಾಗಿವೆ ಅಮ್ಮ.”

“ಎಲ್ಲವೂ?”

ಅವನು ಆಹಾರದ ಡಬ್ಬಿಯ ಮುಚ್ಚಳ ಹಾಕಿದ.

“ಎಲ್ಲವೂ.”

ಅಮ್ಮ ಮತ್ತೇನೂ ಕೇಳಲಿಲ್ಲ. ಅವನೂ ಆ ದಿನ ಮತ್ತೆ ತೊಟ್ಟಿಯ ಹತ್ತಿರ ಹೋಗಲಿಲ್ಲ.

ಮರುದಿನ ಬೆಳಗಾಗುವಾಗ ನೀರು ಹಾಲು ಬೆರೆಸಿದ ಹಾಗೆ ಕಲಕಿತ್ತು. ಹವಳ ಮುದುಡಿಕೊಂಡಿತ್ತು. ಕಿತ್ತಳೆ ಮೀನುಗಳೆರಡೂ ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದವು.

ಹೊನ್ನಪ್ಪ ಓಡಿಹೋಗಿ ಅಮ್ಮನ ಕಾಲ ಬಳಿ ಕುಸಿದ.

“ನೀಲಿ ಮೀನು ನಿನ್ನೆಯೇ ಕಾಣ್ಲಿಲ್ಲ ಅಮ್ಮ. ನಿಮ್ಮ ಹತ್ರ ಸುಳ್ಳು ಹೇಳ್ದೆ. ಈಗ ಉಳಿದವೂ ಸಾಯ್ತಾ ಇವೆ.”

“ವಾಸನೆ ನನಗೆ ನಿನ್ನೆಯೇ ಬಂತು,” ಎಂದರು ಅಮ್ಮ.

“ಹಾಗಾದ್ರೆ ನೀವ್ಯಾಕೆ ಕೇಳ್ಲಿಲ್ಲ?”

“ಕೇಳಿದೆನಲ್ಲ. ಎರಡು ಸಲ.”

ಹೊನ್ನಪ್ಪ ತಲೆ ತಗ್ಗಿಸಿದ.

“ಯಾವುದಕ್ಕೆ ಹೆದರಿದೆ? ಸಾವಿಗೋ, ನನಗೋ?”

“ನಿಮಗೆ ಅಮ್ಮ. ದೀಕ್ಷೆ ತಪ್ಪಿಹೋಗುತ್ತೆ ಅಂತ.”

ಅಮ್ಮ ನಕ್ಕರು. ಕೋಲಿಗೆ ಕೈ ಚಾಚಿದರು. “ನಡಿ. ನನ್ನನ್ನು ಅಲ್ಲಿ ಕೂರಿಸು.”

ತೊಟ್ಟಿಯ ಪಕ್ಕ ಸ್ಟೂಲು ಹಾಕಿ ಕೂರಿಸಿದ.

“ಕೈ ತೊಳ್ಕೊ. ಸೋಪು ಮುಟ್ಟಬೇಡ. ಆಮೇಲೆ ಕಲ್ಲು ಎತ್ತು.”

“ಕಲ್ಲು ಎತ್ತಿದ್ರೆ ಹವಳ ಮುರೀಬಹುದು ಅಮ್ಮ.”

“ಮುರಿಯದ ಹಾಗೆ ಎತ್ತು.”

ತೋಳಿನ ತನಕ ಕೈ ಮುಳುಗಿಸಿ ಒಂದೊಂದೇ ಕಲ್ಲು ಸರಿಸಿದ. ಮೂರನೆಯ ಕಲ್ಲಿನ ಅಡಿಯಲ್ಲಿ ಅದು ಸಿಕ್ಕಿತು. ಅರ್ಧ ಕರಗಿತ್ತು. ಬಸವನಹುಳುಗಳು ಮುತ್ತಿಕೊಂಡಿದ್ದವು. ಬಾಲ ಮಾತ್ರ ಇನ್ನೂ ನೀಲಿಯಾಗಿತ್ತು.

ಸಣ್ಣ ಬಲೆಯಿಂದ ಅದನ್ನು ಮೇಲೆತ್ತಿದ. ಕಣ್ಣು ತುಂಬಿತು.

“ನಾನೇ ಕೊಂದೆ ಅಮ್ಮ.”

“ಅದು ಯಾಕೆ ಸತ್ತಿತೋ ನನಗೆ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಮೈಮೇಲೆ ಹಾಕ್ಕೋಬೇಡ. ಒಂದು ದಿನ ನೋಡದೆ ಬಿಟ್ಟೆ. ಅದು ನಿನ್ನದು. ಅದನ್ನು ಮಾತ್ರ ಇಟ್ಕೊ. ನೀರು ಪರೀಕ್ಷೆ ಮಾಡು.”

ಸೀಸೆಯಲ್ಲಿ ತೊಟ್ಟಿಯ ನೀರು ಹಿಡಿದು ಔಷಧದ ಹನಿ ಬಿಟ್ಟ. ಹಳದಿಯಾಗಿ ಉಳಿಯಬೇಕಿದ್ದ ನೀರು ಹಸಿರಾಯಿತು. ಕೊಳೆತ ಮೀನಿನ ವಿಷ ನೀರಿಗೆ ಇಳಿದಿತ್ತು.

ಹೊನ್ನಪ್ಪ ಎದ್ದ. ಎರಡೂ ಕೈಯಲ್ಲಿ ಬಕೆಟ್ ಹಿಡಿದ.

“ಏನು ಮಾಡ್ತಿ?”

“ಎಲ್ಲ ನೀರು ಚೆಲ್ತೀನಿ. ಕಲ್ಲು, ಮರಳು ಎಲ್ಲ ಬಾವಿ ನೀರಲ್ಲಿ ಉಜ್ಜಿ ತೊಳೀತೀನಿ. ಒಂದು ಕಲೆ ಉಳೀಬಾರ್ದು. ಮೊದಲಿಂದ ಶುರು ಮಾಡ್ತೀನಿ.”

ಅಮ್ಮ ಕೋಲನ್ನು ಅವನ ಎದೆಗೆ ಅಡ್ಡ ಹಿಡಿದರು.

“ಒಂದು ಬಕೆಟ್.”

“ಒಂದೇ? ಇಷ್ಟು ಹಾಳಾಗಿದೆ ಅಮ್ಮ!”

“ಕಲ್ಲಿನ ಮೇಲೆ ಲೋಳೆ ಇದೆಯಲ್ಲ, ಅದಕ್ಕೆ ಜೀವ ಇದೆ. ವಿಷ ತಿನ್ನೋದು ಅದೇ. ಉಜ್ಜಿ ತೊಳೆದರೆ ನಿನಗೆ ಸಮಾಧಾನ ಆಗುತ್ತೆ. ಮೀನು ಸಾಯುತ್ತೆ.”

ಹೊನ್ನಪ್ಪ ಒಂದು ಬಕೆಟ್ ಕೆಳಗಿಟ್ಟ.

ಹದ ಮಾಡಿಟ್ಟ ಉಪ್ಪುನೀರು ಡ್ರಮ್ಮಿನಲ್ಲಿತ್ತು. ಉಪ್ಪು ಅಳೆದ, ಬಿಸಿ ಅಳೆದ. ಒಂದು ಬಕೆಟ್ ಹಳೆಯ ನೀರು ತೆಗೆದು, ಒಂದು ಬಕೆಟ್ ಹೊಸದನ್ನು ನಿಧಾನವಾಗಿ ಸುರಿದ. ಗಾಳಿಯ ಕೊಳವೆ ಇಳಿಬಿಟ್ಟ. ಗುಳ್ಳೆಗಳೆದ್ದವು.

“ಈಗ ಏನು ಮಾಡ್ಲಿ?”

“ಈಗ ಕಾಯಿ. ನಾಳೆ ಇನ್ನೊಂದು ಬಕೆಟ್.”

ಸತ್ತ ಮೀನು ಎಲೆಯ ಮೇಲಿತ್ತು.

“ಇದನ್ನು ಕಡಲಿಗೆ ಬಿಟ್ಟು ಬರ್ತೀನಿ ಅಮ್ಮ. ಅದರ ಮನೆಗೆ ಅದು ಸೇರ್ಲಿ.”

“ಯಾವ ರೋಗ ಇತ್ತೋ ಏನೋ. ಅಲ್ಲಿರೋ ಮೀನುಗಳು ನಿನಗೇನು ಮಾಡಿವೆ? ತೋಟದಲ್ಲಿ ಗುಂಡಿ ತೋಡಿ ಹುಗಿ. ಆಳವಾಗಿ ತೋಡು, ಬೆಕ್ಕು ಎತ್ತಬಾರದು.”

“ಮಂತ್ರ ಏನಾದ್ರೂ ಹೇಳ್ಬೇಕಾ?”

“ಗುಂಡಿ ಆಳ ಇದ್ದರೆ ಸಾಕು.”

ಅವನು ತೋಡಿದ, ಮೊಣಕೈ ಮುಳುಗುವಷ್ಟು.

ಮರುದಿನ ಒಂದು ಬಕೆಟ್. ಸೀಸೆಯ ನೀರು ಇನ್ನೂ ಹಸಿರು, ಆದರೆ ತಿಳಿ ಹಸಿರು. ಕಿತ್ತಳೆ ಮೀನುಗಳಲ್ಲಿ ಚಿಕ್ಕದು ಒಂದು ಬದಿಗೆ ವಾಲಿ ಈಜುತ್ತಿತ್ತು.

“ಚಿಕ್ಕದು ವಾಲ್ತಾ ಇದೆ ಅಮ್ಮ,” ಎಂದು ಹೇಳಿದ. “ಉಳಿಯುತ್ತೋ ಇಲ್ವೋ ಗೊತ್ತಿಲ್ಲ.”

“ಹ್ಞೂಂ,” ಎಂದರು ಅಮ್ಮ. “ಇವತ್ತು ನನಗೆ ಚೆನ್ನಾಗಿ ಕಾಣ್ತಾ ಇದೆ.”

ಅದರ ಮರುದಿನ ಮತ್ತೊಂದು ಬಕೆಟ್. ನೀರು ತಿಳಿಯಾಯಿತು. ಚಿಕ್ಕದು ನೇರವಾಗಿ ಈಜಿತು.

ಹುಣ್ಣಿಮೆ ಬಂತು. ಆ ಆಶ್ರಮದಲ್ಲಿ ದೀಕ್ಷೆ ಎಂದರೆ ದೊಡ್ಡ ಸಂಭ್ರಮವೇನಲ್ಲ. ಬೆಳಿಗ್ಗೆ ಎಲ್ಲರೂ ಕೂಡುತ್ತಾರೆ. ಅಮ್ಮ ಶಿಷ್ಯನ ಬಲಗೈ ಹಿಡಿದು ಕಿವಿಯಲ್ಲಿ ಒಂದು ಮಾತು ಹೇಳುತ್ತಾರೆ.

ಎಲ್ಲರೂ ಸ್ನಾನ ಮಾಡಿ, ಮಡಿ ಉಟ್ಟು ಒಳಕೋಣೆಯಲ್ಲಿ ಕೂತರು. ಹೊನ್ನಪ್ಪ ಬರಲಿಲ್ಲ. ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಹೊರಗಿನಿಂದ ನೀರು ಸುರಿಯುವ ಸದ್ದು ಮಾತ್ರ ಕೇಳುತ್ತಿತ್ತು.

ಅಮ್ಮ ಯಾರನ್ನೂ ಕರೆಯಲು ಕಳಿಸಲಿಲ್ಲ.

ಬಹಳ ಹೊತ್ತಾದ ಮೇಲೆ ಬಾಗಿಲಲ್ಲಿ ಹೊನ್ನಪ್ಪ ಕಾಣಿಸಿಕೊಂಡ. ಪಂಚೆ ಒದ್ದೆ. ತೋಳಿಗೆ ಮರಳು ಅಂಟಿತ್ತು.

“ತಪ್ಪಾಯ್ತು ಅಮ್ಮ. ಇವತ್ತಿನ ಬಕೆಟ್ ಬಾಕಿ ಇತ್ತು. ಸೀಸೆ ಹಳದಿಗೆ ತಿರುಗಿದೆ. ಹವಳ ಸ್ವಲ್ಪ ಅರಳಿದೆ, ಒಂದು ಮೂಲೆ ಮಾತ್ರ ಬಿಳಿಚಿಕೊಂಡಿದೆ, ಅದು ಹೋಯ್ತು ಅನ್ನಿಸುತ್ತೆ.”

ಅಮ್ಮ ಬಲಗೈ ಚಾಚಿದರು.

ಹೊನ್ನಪ್ಪ ಹಿಂಜರಿದ. “ಕೈಯೆಲ್ಲ ಉಪ್ಪು ಅಮ್ಮ. ಮೀನಿನ ವಾಸನೆ. ತೊಳ್ಕೊಂಡು ಬರ್ತೀನಿ.”

“ಬೇಡ,” ಎಂದರು ಅಮ್ಮ. “ಹಾಗೇ ಕೊಡು.”